ಕಾಳಿನ ಸಾಲಿನಲ್ಲಿ ಒಂದು ಅಕ್ರೋಟು

ನನ್ನ ಸೊಸೆ ಸವಿತ ಇಟಲಿಯಲ್ಲಿ ಮಾತಿನ ಪರೀಕ್ಷೆ ಫೇಲಾಗಿದ್ದು ಆ ಭಾಷೆ ಕಷ್ಟ ಅಂತಲ್ಲ. ಅವಳಿಗೆ ತಲೆ ಇಲ್ಲ ಅಂತಲೂ ಅಲ್ಲ. ಫೇಲು ಮಾಡಿಸಿದವಳು ನಾನು, ಅದೂ ಕ್ಯಾತನಹಳ್ಳಿಯಲ್ಲಿ ಕೂತುಕೊಂಡೇ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ, ಅದಕ್ಕೇ ಇದನ್ನು ಮೊದಲು ಬರೆದುಬಿಟ್ಟೆ. ಮಿಕ್ಕಿದ್ದು ಪ್ರವಾಸದ ಮಾತು.

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು, ಒಂದು ಸಲ ತಿರುಪತಿ, ಇಷ್ಟೇ ನಾನು ಕಂಡ ಪ್ರಪಂಚ. ಚಿಕ್ಕ ಮಗ ರಾಜೇಶ ಡೇರಿ ಕೆಲಸ ಕಲಿತವನು. ಕೆ.ಆರ್. ಪೇಟೆಯ ಗೆಳೆಯನೊಬ್ಬ ಮೊದಲೇ ಇಟಲಿಗೆ ಹೋಗಿದ್ದ. ಅವನ ಹಿಂದೆ ಇವನೂ ಹೋಗಿ ನಾನೂರು ಹಸುವಿನ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಸೇರಿಕೊಂಡ. ಎರಡು ವರ್ಷ ಬಿಟ್ಟು ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಂಡ. ಆ ಹಳ್ಳಿಯ ವೃದ್ಧಾಶ್ರಮದಲ್ಲಿ ಸವಿತಳಿಗೆ ಕೆಲಸ ಕೊಡುತ್ತೇವೆ ಅಂದಿದ್ದರು. ಆದರೆ ಅಲ್ಲಿರುವ ಮುದುಕರಲ್ಲಿ ಅರ್ಧಕ್ಕರ್ಧ ಜನಕ್ಕೆ ಕಿವಿ ಮಂದ. ಬಾಯಿ ಬಿಟ್ಟು ಬಿಡಿಸಿ ಮಾತನಾಡುವವಳು ಬೇಕು, ಭಾಷೆ ಬರುತ್ತದೆ ಅನ್ನುವ ಕಾಗದ ತರಬೇಕು ಅಂದರು. ಸವಿತ ಪರೀಕ್ಷೆಗೆ ಕೂತಳು. ಬರೆಯುವುದರಲ್ಲಿ ಪಾಸು, ಮಾತಿನಲ್ಲಿ ಫೇಲು. ಇನ್ನೊಂದು ಸಲ ಕೂರಲಿ, ಅಲ್ಲಿಯವರೆಗೆ ಜಾಗ ಖಾಲಿ ಇಡುತ್ತೇವೆ, ಆಮೇಲೆ ಬೇರೆಯವರಿಗೆ ಅಂದರಂತೆ. ಅವಳು ಓದಿಕೊಳ್ಳುವಾಗ ಅಡುಗೆಗೂ ಮಗುವಿಗೂ ಒಬ್ಬರು ಬೇಕಿತ್ತು. ನಾನು ಹೊರಟೆ.

ಮಿಲಾನ್

ಭಾಷೆ ಬರದವರು ಗಾಲಿ ಕುರ್ಚಿ ಕೇಳಿಕೊಂಡರೆ ದಾರಿ ತಪ್ಪುವುದಿಲ್ಲ ಎಂದು ರಾಜೇಶ ಟಿಕೆಟ್ ಮಾಡಿಸುವಾಗಲೇ ಬರೆಸಿದ್ದ. ಬೆಂಗಳೂರಿನಲ್ಲಿ ಸುಮ್ಮನೆ ಕೂತೆ. ಮಿಲಾನಿನಲ್ಲಿ ಇಳಿದಾಗ ಕುರ್ಚಿ ತಳ್ಳಲು ಬಂದವನು ನನಗಿಂತ ಸೋತಿದ್ದ. ಎರಡು ಕಡೆ ನಿಂತು ಸೊಂಟ ಹಿಡಿದುಕೊಂಡ. ಅರ್ಧ ದಾರಿ ನೋಡಿದೆ. ಆಮೇಲೆ ಎದ್ದು, ನೀನು ಕೂತುಕೋ ಎಂದು ಕೈ ತೋರಿಸಿದೆ. ಅವನು ಎರಡೂ ಕೈ ಮೇಲೆತ್ತಿ ಏನೇನೋ ಹೇಳಿದ, ನಕ್ಕ, ಕೂರಲಿಲ್ಲ. ಕುರ್ಚಿಯಲ್ಲಿ ನನ್ನ ಚೀಲ ಕೂತಿತು. ನಾವಿಬ್ಬರೂ ಅದನ್ನು ತಳ್ಳಿಕೊಂಡು ಪಕ್ಕಪಕ್ಕ ನಡೆದೆವು.

ಹೊರಗೆ ಬಿಡುವ ಕಡೆ ಸಮವಸ್ತ್ರದ ಒಬ್ಬ ಚೀಲ ಬಿಚ್ಚಿಸಿ ರಾಗಿ ಹಿಟ್ಟಿಗೆ ಬೆರಳಿಟ್ಟು ಮೂಸಿದ. ಇದೇನು ಎಂದು ಕೇಳಿದ್ದಿರಬೇಕು. ಕೈಯಲ್ಲಿ ಮುದ್ದೆ ಕಟ್ಟಿ, ಮುರಿದು, ಅದ್ದಿ, ನುಂಗಿ ತೋರಿಸಿದೆ. ಅವನು ಪಕ್ಕದವನನ್ನು ಕರೆದ. ಇನ್ನೊಂದು ಸಲ ತೋರಿಸಬೇಕಾಯಿತು. ಅಗಿಯುವುದಿಲ್ಲವಾ ಎಂದು ಅವನು ಹಲ್ಲು ಮುಟ್ಟಿ ಕೇಳಿದ. ಇಲ್ಲ ಎಂದು ತಲೆ ಆಡಿಸಿದೆ. ಬಿಟ್ಟುಬಿಟ್ಟರು.

ಹೊರಗೆ ರಾಜೇಶ ಕಾದಿದ್ದ. ಅವನ ಹಿಂದೆ ಇಬ್ಬರು ಹೆಂಗಸರು ಕೈ ಬೀಸಿ, ದನಿ ಮೇಲೆ ಹತ್ತಿಸಿ ಕೆಳಗೆ ಇಳಿಸಿ ಜಗಳವಾಡುತ್ತಿದ್ದರು. ಯಾಕೆ ಜಗಳ ಅಂದೆ.

"ಜಗ್ಳ ಅಲ್ಲ ಕಣವ್ವ. ಊಟ ಏನ್ ಮಾಡ್ದೆ ಅಂತ ಕೇಳ್ತಾವ್ರೆ."

ರಾಜೇಶನ ಹಳ್ಳಿ

ಕ್ರೆಮೋನ ಎಂಬ ಪಟ್ಟಣದಿಂದ ಮುಕ್ಕಾಲು ಗಂಟೆ ದಾರಿ. ಬೆಟ್ಟ ಇಲ್ಲ, ಗುಡ್ಡ ಇಲ್ಲ, ಅಂಗೈ ಹಾಗೆ ಚಪ್ಪಟೆ ನೆಲ. ನಡುವೆ ನಾಲೆಗಳು. ನಮ್ಮ ಕಡೆ ಕಬ್ಬು ನಿಂತಿರುವ ಕಡೆಯಲ್ಲೆಲ್ಲ ಮುಸುಕಿನ ಜೋಳ ನಿಲ್ಲಿಸಿಕೊಂಡರೆ ಪಾಂಡವಪುರದಿಂದ ಕ್ಯಾತನಹಳ್ಳಿಗೆ ಬರುವ ದಾರಿಯೇ. ಆದರೆ ಗದ್ದೆಯಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ನೀರು ತಾನೇ ಬರುತ್ತದೆ, ತಾನೇ ಹೋಗುತ್ತದೆ. ನೀರಿಗಾಗಿ ಬೈದಾಡುವವರು ಇಲ್ಲದ ನಾಲೆಯನ್ನು ನಾನು ನೋಡಿದ್ದು ಅಲ್ಲೇ.

ಕೊಟ್ಟಿಗೆಗೂ ಕರೆದುಕೊಂಡು ಹೋದ. ಹಸುಗಳಿಗೆ ಕಿವಿಯಲ್ಲಿ ಚೀಟಿ ಇದೆ, ಹೆಸರಿಲ್ಲ. ಸಗಣಿ ತೊಟ್ಟಿಗೆ ಹೋಗುತ್ತದೆ, ಬೆರಣಿ ತಟ್ಟುವವರಿಲ್ಲ. ಒಂದು ಹಸುವಿನ ಗಂಗೆದೊಗಲು ಕೆರೆದೆ. ಪಕ್ಕದ ನಾಲ್ಕು ಹಸು ಕುತ್ತಿಗೆ ಚಾಚಿದವು.

"ಬುಡವ್ವ, ಅಭ್ಯಾಸ ಮಾಡುಸ್ಬ್ಯಾಡ," ಅಂದ ರಾಜೇಶ. "ನಾನೂರವೆ."

ಪಕ್ಕದ ಮನೆಯವಳು ಪಿಯೆರ. ಎಂಬತ್ತರ ಹತ್ತಿರದ ವಯಸ್ಸು, ಗಂಡ ಇಲ್ಲ, ಅದೇ ಹಳ್ಳಿಯ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವಳು. ಮೊದಲ ದಿನ ಮೊಟ್ಟೆ ಹಿಡಿದುಕೊಂಡು ಬಂದು ನನ್ನ ಕೆನ್ನೆಗೆ ಮುತ್ತು ಕೊಡಲು ಬಗ್ಗಿದಳು. ನಾನು ಹಿಂದಕ್ಕೆ ಸರಿಯುವ ಬದಲು ಮುಂದಕ್ಕೆ ಬಂದೆ. ಇಬ್ಬರ ಮೂಗೂ ಜಜ್ಜಿತು. ಅವಳು ಮೂಗು ಒರೆಸಿಕೊಂಡು ಇನ್ನೊಂದು ಕೆನ್ನೆಗೂ ಕೊಟ್ಟೇ ಹೋದಳು.

ಮಾರನೇ ದಿನ ಮಧ್ಯಾಹ್ನದ ಊಟ ಆದ ಮೇಲೆ ನಾನು ಹಾಲು ಹಾಕಿದ ಕಾಫಿ ಕುಡಿಯುವುದನ್ನು ನೋಡಿ, ಹೊಟ್ಟೆ ಕೆಡುತ್ತದೆ ಎಂದು ಹೊಟ್ಟೆ ಹಿಡಿದುಕೊಂಡು ತೋರಿಸಿದಳು. ನಾನು ಲೋಟ ಪೂರ್ತಿ ಮುಗಿಸಿ ತೋರಿಸಿದೆ. ಯಾರಾದರೂ ಒದ್ದೆ ತಲೆಯಲ್ಲಿ ಅಂಗಳಕ್ಕೆ ಬಂದರೆ ಮಾತ್ರ ಅವಳು ಬೈಯುವುದೂ ನಾನು ಬೈಯುವುದೂ ಒಂದೇ. ಆ ಒಂದು ವಿಷಯಕ್ಕೆ ಅವಳ ಮೇಲೆ ನನಗೆ ನಂಬಿಕೆ ಬಂತು.

ಪಿಯೆರಳ ಅಡುಗೆಮನೆ

ಸವಿತಳಿಗೆ ಪಾಠ ಹೇಳುತ್ತಿದ್ದವಳು ಇದೇ ಪಿಯೆರ. ವಾರಕ್ಕೆ ಎರಡು ದಿನ ಅವಳ ಅಡುಗೆಮನೆಯ ಮೇಜಿನ ಮೇಲೆ ಪಾಠ. ನಾನೂ ಒಂದು ದಿನ ಹೋಗಿ ಬಾಗಿಲ ಹತ್ತಿರ ಕೂತೆ. ಪಿಯೆರ ಪುಸ್ತಕ ಮುಚ್ಚಿಟ್ಟಿದ್ದಳು. ಡಬ್ಬದಿಂದ ಕೆಂಪು ಚುಕ್ಕೆಯ ಒಣಗಿದ ಕಾಳು ತೆಗೆದು ಸಾಲಾಗಿ ಇಟ್ಟಳು. ಬಾಯಿಗೆ ಬಂದ ಮಾತಿನ ಒಂದೊಂದು ತುಂಡಿಗೆ ಒಂದೊಂದು ಕಾಳು. ಎಲ್ಲಿ ದನಿ ಒತ್ತಿ ಹೇಳಬೇಕೋ ಆ ಕಾಳಿನ ಮುಂದೆ ಒಂದು ಅಕ್ರೋಟು.

ಹುಣಸೆಬೀಜ ಹಿಡಿದು ಅಳಗುಳಿ ಮಣೆ ಆಡಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೋಡುತ್ತ ನೋಡುತ್ತ ತಿಳಿಯಿತು, ಅರ್ಥ ಮಾತ್ರ ಸವಿತ ಹೇಳಿದಳು. ಪಾರ್ಲೊ ಅಂದರೆ ನಾನು ಮಾತನಾಡುತ್ತೇನೆ. ಎರಡು ಕಾಳು, ಅಕ್ರೋಟು ಮೊದಲನೆಯದರ ಮುಂದೆ. ನೀನು ಅಂದರೆ ಪಾರ್ಲಿ, ಅವಳು ಅಂದರೆ ಪಾರ್ಲ. ಅಕ್ರೋಟು ಅಲ್ಲೇ ಇರುತ್ತದೆ. ನಾವು ಅಂದ ಕೂಡಲೇ ಅದು ಒಂದು ಮನೆ ಜರುಗುತ್ತದೆ, ಪರ್ಲ್ಯಾಮೊ. ನೀವು ಅಂದಾಗಲೂ ಅಲ್ಲೇ, ಪರ್ಲಾತೆ. ಅವರು ಅಂದಾಗ ಮತ್ತೆ ಮೊದಲ ಮನೆಗೆ ವಾಪಸು, ಪಾರ್ಲನೊ. ನಾಳೆ ಮಾತನಾಡುತ್ತೇನೆ ಅನ್ನಬೇಕಾದರೆ ಸಾಲಿನ ಕೊನೆಗೆ ಓಡಿಹೋಗುತ್ತದೆ, ಪರ್ಲೆರೋ.

ವಾಸ ಇದ್ದೇನೆ ಅನ್ನುವುದಕ್ಕೆ ಆಬಿತೊ. ಮೂರು ಕಾಳು, ಭಾರ ಮೊದಲನೆಯದಕ್ಕೆ. ಅವರು ವಾಸ ಇದ್ದಾರೆ ಅನ್ನುವುದಕ್ಕೆ ಆಬಿತನೊ. ನಾಲ್ಕು ಕಾಳು, ಆಗಲೂ ಭಾರ ಮೊದಲನೆಯದಕ್ಕೇ. ಒಬ್ಬಳು ಹೊರೆ ಹೊತ್ತು ಮುಂದೆ ಹೋಗುತ್ತಾಳೆ, ಮೂವರು ಬರಿಗೈಯಲ್ಲಿ ಹಿಂದೆ. ಸವಿತ ಇದನ್ನು ಹೇಳುವಾಗ ಭಾರ ಒಂದು ಕಡೆಯೂ ಬೀಳುತ್ತಿರಲಿಲ್ಲ. ನಾವು ಮಾತನಾಡುವಾಗ ಎಲ್ಲ ಅಕ್ಷರಕ್ಕೂ ಪಂಕ್ತಿಯಲ್ಲಿ ಬಡಿಸಿದ ಹಾಗೆ ಸಮಸಮ ಬಡಿಸುತ್ತೇವೆ. ಆ ಜನ ಒಬ್ಬನ ಎಲೆಗೆ ಮಾತ್ರ ತುಪ್ಪ ಹಾಕುತ್ತಾರೆ. ಯಾರ ಎಲೆಗೆ ಅನ್ನುವುದು ಗೊತ್ತಿರಬೇಕು.

ಸವಿತ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಂಡಿದ್ದಳು. ನಮ್ಮ ಬರವಣಿಗೆಯಲ್ಲಿ ಪಾ ಒಂದು, ರ್ಲೊ ಒಂದು. ಅವಳು ಅಲ್ಲೇ ಮುರಿದು ಹೇಳುತ್ತಿದ್ದಳು. ಪಿಯೆರ ಬೇರೆ ಕಡೆ ಮುರಿಯುತ್ತಿದ್ದಳು, ಪಾರ್ ಒಂದು ಕಾಳು, ಲೊ ಒಂದು ಕಾಳು. ಕಪೀಸ್ಕೊ, ಅಂದರೆ ನನಗೆ ಅರ್ಥವಾಗುತ್ತದೆ, ಅದನ್ನು ಮುರಿಯುವಾಗ ಮಾತ್ರ ನಮ್ಮ ಒತ್ತಕ್ಷರವೂ ಅವರ ಕಾಳೂ ಒಂದೇ ಕಡೆ ಬಂದವು. ನೋಟ್‌ಬುಕ್ಕು ನೋಡಿ ಕಲಿಯುತ್ತಾಳೆ, ಅದಕ್ಕೇ ಫೇಲು, ಕಾಳು ನೋಡಿ ಕಲಿತರೆ ಸರಿಹೋಗುತ್ತದೆ ಎಂದು ನಾನು ಅವತ್ತು ತೀರ್ಮಾನ ಮಾಡಿದೆ. ಅದು ತಪ್ಪು ತೀರ್ಮಾನ.

ಮುಂದಿನ ಪಾಠದ ದಿನ ನಾನು ಪಿಯೆರಳ ಹಿತ್ತಲಿನಲ್ಲಿ ಸೊಪ್ಪು ಕೀಳುತ್ತಿದ್ದೆ. ಕಿಟಕಿಯಿಂದ ಒಂದು ಹೆಂಗಸಿನ ದನಿ ಬಂತು. ಗಟ್ಟಿ ದನಿ. ಆಬಿತೊ, ಆಬಿತನೊ, ಪರ್ಲ್ಯಾಮೊ, ಒಂದೊಂದೂ ಕೊಡಲಿ ಪೆಟ್ಟು ಬಿದ್ದ ಹಾಗೆ. ಪಿಯೆರಳ ಮನೆಗೆ ಯಾರೋ ನೆಂಟರು ಬಂದಿದ್ದಾರೆ ಅಂದುಕೊಂಡೆ. ಸೊಪ್ಪು ಮಡಿಲಿಗೆ ಹಾಕಿಕೊಂಡು ಒಳಗೆ ಹೋದೆ. ನೆಂಟರು ಯಾರೂ ಇರಲಿಲ್ಲ. ಸವಿತ ಕೂತಿದ್ದಳು. ನನ್ನನ್ನು ಕಂಡ ಕೂಡಲೇ ಕುರ್ಚಿ ಬಿಟ್ಟು ಎದ್ದಳು, ವೇಲು ಸರಿಮಾಡಿಕೊಂಡಳು. ಪಿಯೆರ ಮತ್ತೆ ಹೇಳು ಎಂದಳು. ಹೇಳಿದಳು. ಗೋಡೆಯ ಆಚೆ ಯಾರೋ ಪಿಸುಗುಟ್ಟಿದ ಹಾಗಿತ್ತು, ಎಲ್ಲ ಕಾಳೂ ಸಮಸಮ.

ಪಿಯೆರ ಅವಳನ್ನು ನೋಡಿದಳು, ನನ್ನನ್ನು ನೋಡಿದಳು. ಕಿಟಕಿಯ ಕಡೆ ತೋರಿಸಿ ಕೈ ಮೇಲೆತ್ತಿದಳು. ನನ್ನ ಕಡೆ ತೋರಿಸಿ ಕೈಯನ್ನು ಮೇಜಿನವರೆಗೆ ಇಳಿಸಿದಳು. ಅಷ್ಟು ಹೇಳಲು ಭಾಷೆ ಬೇಕಾಗಿಲ್ಲ.

ಸವಿತ ನಾಗಮಂಗಲದ ಕಡೆಯ ಹುಡುಗಿ. ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತನಾಡಿ ಬೆಳೆದವಳು. ಶ್ರೀರಂಗಪಟ್ಟಣದ ಛತ್ರದಲ್ಲಿ ಮದುವೆ ಮಾಡಿ ಕರೆದುಕೊಂಡು ಬಂದ ಮೊದಲ ತಿಂಗಳೇ ಅವಳು ಅಡುಗೆಮನೆಯಿಂದ ರಾಜೇಶನನ್ನು ಕೂಗಿದ್ದು ಡೇರಿ ಹತ್ತಿರದವರೆಗೆ ಕೇಳಿಸಿತು. ಸೊಸೆಯ ದನಿ ಹೊಸಿಲು ದಾಟಬಾರದು, ಹಿರಿಯರ ಎದುರು ಕೂರಬಾರದು ಎಂದು ನಾನೇ ಹೇಳಿದೆ. ಒಂದು ಸಲವಲ್ಲ, ಅವಳು ಇಳಿಸುವವರೆಗೂ ಹೇಳಿದೆ. ನನ್ನ ಅತ್ತೆ ನನಗೆ ಹೇಳಿದ್ದರು. ನಾನು ಕೇಳಿದ್ದೆ. ಇವಳೂ ಕೇಳಿದಳು. ಚೆನ್ನಾಗಿ ಪಳಗಿಸಿದ್ದೇನೆ ಎಂದು ನೆಂಟರ ಹತ್ತಿರ ಹೇಳಿಕೊಂಡೂ ಇದ್ದೆ.

ಆ ಸಂಜೆ ಅಡುಗೆ ಮಾಡುವಾಗ ಕೇಳಿದೆ.

"ಅವತ್ತು ಪರೀಕ್ಷೇಲಿ ಎದ್ರುಗೆ ಯಾರ್ ಕೂತಿದ್ರಮ್ಮಿ?"

"ಇಬ್ರು ಅತ್ತೆ. ಒಬ್ಳು ನನ್ ವಯಸ್ನೋಳು. ಇನ್ನೊಬ್ರು ದೊಡ್ಡೋರು."

"ದೊಡ್ಡೋರು ಅಂದ್ರೆ?"

"ತಲೆ ಬೆಳ್ಳಗಿತ್ತು. ತುರುಬು ಕಟ್ಟಿದ್ರು. ನಗ್ತಿರ್ಲಿಲ್ಲ."

"ನನ್ನಂಗಾ?"

ಅವಳು ಈರುಳ್ಳಿ ಹೆಚ್ಚುತ್ತಿದ್ದಳು. ಹೆಚ್ಚುವುದು ನಿಲ್ಲಿಸಲಿಲ್ಲ.

"ನಿಮ್ಮಂಗೇ ಅತ್ತೆ."

ಹಿತ್ತಲು, ಪರೀಕ್ಷೆಗೆ ಆರು ದಿನ

ಮಾರನೇ ಬೆಳಿಗ್ಗೆ ಮಗು ಸ್ಕೂಲಿಗೆ ಹೋದ ಮೇಲೆ ಹಿತ್ತಲಿಗೆ ಒಂದು ಕುರ್ಚಿ ತಂದು ಹಾಕಿದೆ. ಪಿಯೆರಳನ್ನೂ ಕರೆದೆ. ಕಾಳಿನ ಡಬ್ಬವನ್ನೂ ಅಕ್ರೋಟನ್ನೂ ತಾ ಎಂದು ಕೈಸನ್ನೆ ಮಾಡಿದೆ. ಸವಿತಳನ್ನು ಕೂತುಕೋ ಅಂದೆ.

"ನೀವು ಕೂತ್ಕಳಿ ಅತ್ತೆ."

"ನಾನು ನಿಂತ್ಕತೀನಿ. ನೀನು ಕೂತ್ಕಂಡು ಬೈಯಿ."

"ಯಾರ್ನ?"

"ನನ್ನ. ಏಳು ವರ್ಸದಿಂದ ಹೊಟ್ಟೇಲಿಟ್ಕಂಡಿದೀಯಲ್ಲ, ಅದ್ನೆಲ್ಲ ಬೈಯಿ. ಅವ್ರ್ ಬಾಸೇಲಿ ಬೈಯಿ, ನಂಗೇನ್ ತಿಳೀತದೆ?"

ಅವಳು ಕೂತಳು. ಕುರ್ಚಿಯ ತುದಿಯಲ್ಲಿ, ಯಾವ ಕ್ಷಣಕ್ಕಾದರೂ ಏಳುವವಳ ಹಾಗೆ. ಬಾಯಿ ಬಿಡಲಿಲ್ಲ. ಎದುರಿಗೆ ಅತ್ತೆ ನಿಂತಿದ್ದಾಗ ಸೊಸೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಅವತ್ತೇ ಕಂಡಿದ್ದು. ನನಗೂ ಅದು ಹಿತವಾಗಿರಲಿಲ್ಲ. ಕೈ ಎಲ್ಲಿ ಇಡಬೇಕು ತಿಳಿಯದೆ ಸೆರಗು ಹಿಡಿದುಕೊಂಡಿದ್ದೆ. ಎರಡು ದಿನ ಹೀಗೇ ಕಳೆಯಿತು. ರಾಜೇಶ ಊಟಕ್ಕೆ ಬಂದವನು ನೋಡಿ, ಇದೇನು ನಾಟಕ ಅಂದ. ನೀನು ಹಸು ನೋಡಿಕೋ ಹೋಗು ಅಂದೆ.

ಮೂರನೇ ದಿನ ಅವಳು ಶುರು ಮಾಡಿದಳು. ಮೊದಲು ಮೆಲ್ಲಗೆ. ಪಿಯೆರ ಏನೋ ಕೇಳಿ ನಕ್ಕಳು. ಸವಿತಳಿಗೂ ನಗು ಬಂತು. ಆ ನಗುವಿನ ಮೇಲೆಯೇ ದನಿ ಒಂದು ಮೆಟ್ಟಿಲು ಹತ್ತಿತು. ಆಮೇಲೆ ನಗು ನಿಂತಿತು, ದನಿ ಇಳಿಯಲಿಲ್ಲ. ಪಿಯೆರಳೂ ನಗುವುದನ್ನು ನಿಲ್ಲಿಸಿದಳು. ಕಾಳು ಜೋಡಿಸುತ್ತಿದ್ದ ಅವಳ ಕೈ ಸುಮ್ಮನಾಯಿತು. ಸವಿತ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ನನ್ನ ಮುಖ ನೋಡಿಕೊಂಡು, ಒಂದಾದ ಮೇಲೆ ಒಂದು ಹೇಳಿದಳು. ನಾನು ನಿಂತುಕೊಂಡು ಭಾರ ಎಲ್ಲೆಲ್ಲಿ ಬೀಳುತ್ತದೆ ಎಂದಷ್ಟೇ ಕೇಳಿಸಿಕೊಂಡೆ. ನಾನು ಅನ್ನುವುದಕ್ಕೆ ಮೊದಲ ಮನೆ, ಸರಿ. ನೀವು ಅನ್ನುವುದಕ್ಕೆ ಒಂದು ಮನೆ ಮುಂದೆ, ಸರಿ. ಆ ನೀವು ಬಹಳ ಸಲ ಬಂತು. ಮಧ್ಯೆ ಅತ್ತೆ ಅನ್ನುವ ಕನ್ನಡದ ಮಾತೂ ಹನ್ನೊಂದು ಸಲ ಬಂತು. ಅದಕ್ಕೂ ಅವಳು ಮೊದಲ ಕಾಳಿಗೇ ಭಾರ ಹಾಕಿದಳು.

ಮುಗಿದಾಗ ಅವಳ ಕಣ್ಣು ಕೆಂಪಾಗಿತ್ತು. ಪಿಯೆರ ಎದ್ದು ನೀರು ತಂದು ಕೊಟ್ಟಳು. ಆಮೇಲೆ ನನಗೂ ಒಂದು ಲೋಟ ತಂದಳು, ಆದರೆ ನನ್ನ ಮುಖ ನೋಡಲಿಲ್ಲ. ಸವಿತ ಏನು ಹೇಳಿದಳು ಎಂದು ನಾನು ಕೇಳಲಿಲ್ಲ. ಈಗಲೂ ಕೇಳಿಲ್ಲ. ಪಿಯೆರಳಿಗೆ ಗೊತ್ತಿದೆ, ಅವಳು ಹೇಳುವುದಿಲ್ಲ.

"ನಾಳೆನೂ ಬೈಯಿ," ಅಂದೆ. "ಇನ್ನೂ ಇದ್ದದಲ್ಲ?"

"ಅದೆ," ಅಂದಳು.

ಕ್ರೆಮೋನ

ಪರೀಕ್ಷೆಯ ದಿನ ರಾಜೇಶ ರಜೆ ಹಾಕಿದ. ಪಿಯೆರ ತುಟಿಗೆ ಬಣ್ಣ ಹಚ್ಚಿಕೊಂಡು, ಒಳ್ಳೆಯ ಕೋಟು ಹಾಕಿಕೊಂಡು ಕಾರಿನ ಮುಂದಿನ ಸೀಟಿನಲ್ಲಿ ತಾನೇ ಕೂತಳು. ದಾರಿಯುದ್ದಕ್ಕೂ ರಾಜೇಶನಿಗೆ ಹೇಗೆ ಓಡಿಸಬೇಕು ಎಂದು ಹೇಳಿದಳು. ಅವಳಿಗೆ ಕಾರು ಬರುವುದಿಲ್ಲವಂತೆ.

ಪಟ್ಟಣದ ಒಂದು ಹಳೆಯ ಸ್ಕೂಲು. ಕಾಯುವವರಿಗೆ ಬೆಂಚು. ನಮ್ಮ ತಾಲ್ಲೂಕು ಆಫೀಸಿನ ಬೆಂಚಿನ ಹಾಗೆಯೇ ಇತ್ತು, ಅಲ್ಲಿನ ಜನರಿಗೂ ಅದೇ ಮುಖ. ಬೇರೆ ಬೇರೆ ದೇಶದ ಹೆಂಗಸರು ಬಾಯಲ್ಲಿ ಏನೋ ಗುಣಗುಣಿಸಿಕೊಂಡು ಬೆರಳು ಮಡಿಸುತ್ತಿದ್ದರು. ಬಾಗಿಲು ತೆರೆದಾಗ ಒಳಗೆ ಕಾಣಿಸಿತು. ಬಿಳಿ ತಲೆಯವಳು ಅವತ್ತೂ ಇದ್ದಳು. ತುರುಬು, ದಾರ ಕಟ್ಟಿದ ಕನ್ನಡಕ, ಬಿಗಿದ ಬಾಯಿ. ಸವಿತ ಸುಳ್ಳು ಹೇಳಿರಲಿಲ್ಲ.

ಸವಿತ ಒಳಗೆ ಹೋದಳು. ಬಾಗಿಲು ಮುಚ್ಚಿತು. ಏನೂ ಕೇಳಿಸಲಿಲ್ಲ. ಮುಗಿಯಿತು, ಮತ್ತೆ ದನಿ ಇಳಿಸಿದಳು ಅಂದುಕೊಂಡೆ. ರಾಜೇಶ ಉಗುರು ಕಚ್ಚುತ್ತಿದ್ದ. ಅವನ ಕೈಗೆ ಹೊಡೆದೆ. ಇನ್ನೂ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಬಾಗಿಲಿನ ಆಚೆಯಿಂದ ಅವಳ ದನಿ ಬಂತು. ಆಬಿತೊ. ಬೆಂಚಿನ ಆ ಕೊನೆಯಲ್ಲಿದ್ದವಳು ಬೆರಳು ಮಡಿಸುವುದು ಬಿಟ್ಟು ಬಾಗಿಲ ಕಡೆ ನೋಡಿದಳು. ಪಿಯೆರ ನನ್ನ ಮಂಡಿಯ ಮೇಲೆ ಕೈ ಇಟ್ಟು, ಭಾರ ಬಿದ್ದ ಕಡೆಯೆಲ್ಲ ಒತ್ತುತ್ತ ಹೋದಳು. ಎಲ್ಲೂ ತಪ್ಪಲಿಲ್ಲ. ಒಂದು ಕಡೆ ಮಾತ್ರ ತಪ್ಪಿತು, ಸವಿತ ತಾನೇ ನಿಲ್ಲಿಸಿ ಇನ್ನೂ ಜೋರಾಗಿ ಸರಿಮಾಡಿ ಹೇಳಿದಳು.

ನಿಮ್ಮ ಮನೆಯಲ್ಲಿ ಯಾರು ಯಾರು ಇದ್ದಾರೆ, ಏನು ಮಾಡುತ್ತಾರೆ ಎಂದು ಕೇಳಿದರಂತೆ. ಅತ್ತೆ ಬಂದಿದ್ದಾರೆ, ಅವರು ದಿನವೂ ನನ್ನಿಂದ ಬೈಸಿಕೊಳ್ಳುತ್ತಾರೆ ಎಂದು ಹೇಳಿದಳಂತೆ. ಆ ಬಿಳಿ ತಲೆಯವಳು ಆಗ ನಕ್ಕಳಂತೆ. ನಾನು ನೋಡಲಿಲ್ಲ, ಆದ್ದರಿಂದ ಪೂರ್ತಿ ನಂಬುವುದಿಲ್ಲ.

ಊಟದ ಹೊತ್ತಾದ ಮೇಲೆ ಗೋಡೆಗೆ ಪಟ್ಟಿ ಅಂಟಿಸಿದರು. ಪಾಸು. ಪಿಯೆರ ಎಲ್ಲರ ಕೆನ್ನೆಗೂ ಎರಡೆರಡು ಕೊಟ್ಟಳು. ಈ ಸಲ ನಾನು ಅಲುಗಾಡದೆ ನಿಂತೆ. ರಾಜೇಶ ಅಲ್ಲಿಂದಲೇ ವೃದ್ಧಾಶ್ರಮಕ್ಕೆ ಫೋನು ಮಾಡಿದ. ಸೋಮವಾರದಿಂದ ಬರಲಿ ಅಂದರು.

ಮರುದಿನ

ಬೆಳಿಗ್ಗೆ ಸವಿತ ಮಗುವಿಗೆ ಜಡೆ ಹಾಕುತ್ತಿದ್ದಳು. ನಾನು ಒಲೆಯ ಮೇಲೆ ಹಾಲಿಟ್ಟೆ. ಹಿತ್ತಲಲ್ಲಿ ಪಿಯೆರಳ ಕೋಳಿಗಳು ಬೇಲಿ ದಾಟಿ ಬಂದಿದ್ದವು, ಓಡಿಸಲು ಹೋದೆ. ಅವಳೂ ಬಂದಳು. ಅವಳು ಒಂದು ಕಡೆಯಿಂದ, ನಾನು ಒಂದು ಕಡೆಯಿಂದ ಅಟ್ಟಿಕೊಂಡು ಹೊತ್ತು ಮರೆತೆವು.

"ಅತ್ತೆ, ಹಾಲಿಟ್ಬುಟ್ಟು ಎಲ್ಗೋದ್ರಿ? ಒಲೆಯೆಲ್ಲ ಹರ್ದೋಯ್ತು. ಒಂದ್ ಹಾಲ್ ನೋಡ್ಕಳಕ್ಕಾಗಲ್ವಾ ನಿಮ್ಗೆ?"

ಕನ್ನಡದಲ್ಲೇ ಕೂಗಿದಳು. ಆ ದನಿ ಅಡುಗೆಮನೆ ದಾಟಿತು, ಹಿತ್ತಲು ದಾಟಿತು. ಎದುರು ಮನೆಯವನೊಬ್ಬ ಕಿಟಕಿಯ ರೆಕ್ಕೆ ತೆರೆದು ಇಣುಕಿದ. ಪಿಯೆರ ಕೋಳಿ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತಳು. ಒಳಗೆ ಬಂದೆ. ರಾಜೇಶ ಒಂದು ಕಾಲಿಗೆ ಮಾತ್ರ ಸಾಕ್ಸು ಹಾಕಿಕೊಂಡು ನೆಲ ನೋಡುತ್ತಿದ್ದ. ಸವಿತ ಬಾಚಣಿಗೆ ಹಿಡಿದುಕೊಂಡು ನಿಂತಿದ್ದಳು. ಮುಖ ಬಿಳಿಚಿತ್ತು, ಆದರೆ ಕಣ್ಣು ಕೆಳಗೆ ಮಾಡಲಿಲ್ಲ.

ನಾನು ಬಟ್ಟೆ ಒದ್ದೆ ಮಾಡಿಕೊಂಡು ಒಲೆ ಒರೆಸಿದೆ. ಹಾಲು ಸೀದು ಅಂಟಿಕೊಂಡಿತ್ತು, ಎರಡು ಸಲ ಉಜ್ಜಬೇಕಾಯಿತು.